ಮೊಣಕಾಲ ಮೇಲಿನ ಸುತ್ತಿಗೆ

ಟಿಂಚರ್ ವಾಸನೆ ಬಂದರೆ ಈಗಲೂ ನನಗೆ ನಿಜಾಮರ ಕಾಲದ ಹುಮನಾಬಾದಿನ ದವಾಖಾನೆ ನೆನಪಾಗುತ್ತದೆ. ಜ್ವರ ಬಿಟ್ಟ ಮೇಲೆ ನನ್ನ ತಂಗಿಗೆ ನಿಲ್ಲಲು ಆಗುತ್ತಿರಲಿಲ್ಲ. ಕಲ್ಯಾಣದ ಹಕೀಮರ ಎಣ್ಣೆ ತಿಕ್ಕಿ ಸೋತ ನಮ್ಮಜ್ಜಿ, ಆಯಿ, ನಮ್ಮಿಬ್ಬರನ್ನೂ ಬಂಡಿಯಲ್ಲಿ ಅಲ್ಲಿಗೆ ಕರೆತಂದಿದ್ದಳು.

ತಂಗಿ ಹೆದರಬಾರದೆಂದು ಡಾಕ್ಟರ್ ಸಾಹೇಬರು ಮೊದಲು ನನ್ನನ್ನೇ ಮೇಜಿನ ಮೇಲೆ ಕೂಡಿಸಿ, ಮೊಣಕಾಲ ಚಿಪ್ಪಿನ ಕೆಳಗೆ ರಬ್ಬರಿನ ಸುತ್ತಿಗೆಯಿಂದ ತಟ್ಟಿದರು. ನನ್ನ ಕಾಲು ಚಿಮ್ಮಿ ಅವರ ಬಿಳಿ ಕೋಟಿಗೆ ಬಡಿಯಿತು.

"ಅಯ್ಯ, ದೊಡ್ಡವರಿಗೆ ಒದಿತೀಯೇನ? ಶರಣು ಮಾಡು!" ಎಂದು ಆಯಿ ನನ್ನ ತಲೆಗೆ ಮೊಟಕಿದಳು.

"ಬೈಬ್ಯಾಡ್ರಿ ಅಮ್ಮಾ. ಈ ಹುರಿ ತಟ್ಟಿದ್ರ ತೊಡಿ ಖಂಡ ಜಗ್ಗತದ, ಕಾಲು ತಾನ ಹಾರ್ತದ. ಹಾರಬೇಕು," ಎಂದರು ಸಾಹೇಬರು.

ಸೆರಗಿನಿಂದ ಅವರ ಕೋಟು ಒರೆಸುತ್ತಿದ್ದ ಆಯಿಗೆ ಅದು ಕೇಳಿಸಲಿಲ್ಲ.

ಆಮೇಲೆ ಅವರು ತಂಗಿಯ ಮೊಣಕಾಲಿಗೆ ತಟ್ಟಿದರು. ಮತ್ತೆ ತಟ್ಟಿದರು. ಕಾಲು ಬಾವಿಗೆ ಇಳಿಬಿಟ್ಟ ಹಗ್ಗದಂತೆ ಸುಮ್ಮನೆ ಜೋತಾಡಿತು.

ಆಯಿಯ ಮುಖ ಅರಳಿತು. "ನೋಡು, ನಿನಗಿಂತ ಸಣ್ಣಾಕಿ. ದೊಡ್ಡವರ ಮುಂದ ಕಾಲು ಅಲುಗಸಲಿಲ್ಲ. ಎಷ್ಟು ಅದಬು-ಮರ್ಯಾದಿ ಅದ ಆಕಿಗೆ!"

ತಂಗಿ ಹೆಮ್ಮೆಯಿಂದ ನನ್ನ ಕಡೆ ನೋಡಿ ನಕ್ಕಳು. ಸಾಹೇಬರು ಸುತ್ತಿಗೆ ಕೆಳಗಿಟ್ಟು, ಅವಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.