ಎರಡು ಕಿಲೋಮೀಟರ್ ಹೆಚ್ಚು

"ನಾಲ್ಕು ಕಿಲೋಮೀಟರ್ ತಂತಿನಾ?" ಲೈನ್‌ಮನ್ ಮಹೇಂದ್ರ ತಂತಿಯ ಉದ್ದ ಅಳೆಯುವ ಮೀಟರಿನ ಗುಂಡಿಯನ್ನು ಮತ್ತೆ ಒತ್ತಿದ. ಮ್ಯಾಪಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಕೊಡಿಗೇಹಳ್ಳಿಯ ಈ ಮನೆಗೆ ಎರಡೇ ಕಿಲೋಮೀಟರ್. ಅದನ್ನು ನಂಬಿಯೇ ಅವನು ಎಂಟು ಎಂಬಿ ಸ್ಪೀಡ್ ಬರುತ್ತದೆಂದು ಮಾತು ಕೊಟ್ಟಿದ್ದ. ಬರುತ್ತಿದ್ದುದು ಎರಡು. "ತಂತಿ ಉದ್ದ ಆದಷ್ಟೂ ಸ್ಪೀಡ್ ಬೀಳುತ್ತೆ ಮೇಡಂ. ಎಲ್ಲಿ ಸುತ್ತುತ್ತೆ ಅಂತ ಸಿಕ್ರೆ ನೇರ ಎಳೆದುಬಿಡ್ತೀನಿ."

"ಬೇಗ ನೋಡ್ರೀ, ನೆಟ್ ಇಲ್ಲದೆ ನನ್ನ ಕೆಲಸಾನೇ ಹೋಗುತ್ತೆ," ಎಂದಳು ಮನೆಯಿಂದಲೇ ದುಡಿಯುವ ಕಲಾವತಿ.

ಅವಳ ಅತ್ತೆ ಮುನಿಯಲ್ಲಮ್ಮ ಎದುರಿನ ಅಪಾರ್ಟ್‌ಮೆಂಟುಗಳತ್ತ ಕೈ ತೋರಿದರು. "ಅಲ್ಲೆಲ್ಲಾ ಕೆರೆ ಇತ್ತಪ್ಪಾ. ತಂತಿ ಎಳೆಯೋರು ನೀರಾಗೆ ಇಳೀತಾರಾ? ಏರಿ ಮ್ಯಾಲೆ ಇಂಗೆ ಸುತ್ಕಂಡು ಬಂದ್ರು. ಬಾ, ತೋರಿಸ್ತೀನಿ."

ನೆಲದಡಿಯ ತಂತಿ ಸಿಕ್ಕರೆ ಕೂಗುವ ಯಂತ್ರ ಹಿಡಿದು ಮಹೇಂದ್ರ ಹಿಂಬಾಲಿಸಿದ. ಬೇಕರಿ, ಜಿಮ್, ಪಾರ್ಕಿಂಗ್ ಬಳಸಿ ಮುನಿಯಲ್ಲಮ್ಮ ಕಾಲಿಟ್ಟಲ್ಲೆಲ್ಲ ಅದು ಕೂಗಿತು. "ಕೆರೆ ತುಂಬಿದ್ರೆ ಇಲ್ಲಿ ಕೋಡಿ ಬಿದ್ದು ನೀರು ಹರೀತಿತ್ತು," ಎಂದು ಆಕೆ ತಟ್ಟನೆ ಎಡಕ್ಕೆ ತಿರುಗಿದರು. ಅವನು ನೇರ ಹೋದ, ಯಂತ್ರ ಸುಮ್ಮನಾಯಿತು. ಎಡಕ್ಕೆ ತಿರುಗಿದ, ಕೂಗಿತು. ಮುಂದೆ, ಒಣ ಕಾಂಕ್ರೀಟಿನ ಮೇಲೆ, ಮುನಿಯಲ್ಲಮ್ಮ ಸೀರೆಯಂಚನ್ನು ಎತ್ತಿ ಹಿಡಿದು ನಡೆಯುತ್ತಿದ್ದರು. ಮಹೇಂದ್ರ ತನಗೇ ತಿಳಿಯದಂತೆ ಬಗ್ಗಿ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡ.