ಹೆಸರು ಮುಚ್ಚಿದ ದೂರು

ಭಾವನನ್ನು ಇವತ್ತು ಹೊರಹಾಕುವುದೇ ಸೈ ಎಂದು ಟೈಲರ್ ಮಾಸ್ಟರು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡರು. ಮನೆಯಿಂದಲ್ಲ. ಮುನ್ನೂರು ದರ್ಜಿಗಳು ಸೇರಿ ಕಾಲರು, ಕಾಜಾ, ಕಂಕುಳ ಬಿಗಿತ ಎಂದು ಹಗಲಿಡೀ ಕಚ್ಚಾಡುವ ಆನ್‌ಲೈನ್ ವೇದಿಕೆಯಿಂದ. ಅದನ್ನು ಕಟ್ಟಿದವರೂ ಮಾಸ್ಟರೇ, ಅದರ ನಿರ್ವಾಹಕರೂ ಮಾಸ್ಟರೇ.

ಭಾವನ ಬಾಯಿ ದೊಡ್ಡದು, ವೇದಿಕೆಯಲ್ಲಿ ಕಂಡಕಂಡವರ ಹೊಲಿಗೆಯನ್ನು ಹಂಗಿಸುವುದೇ ಕೆಲಸ. ಅವರನ್ನು ಮುಟ್ಟಿದರೆ ಅಕ್ಕ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಮುಟ್ಟದಿದ್ದರೆ ಸದಸ್ಯರು 'ಊರಿಗೊಂದು ನ್ಯಾಯ, ಭಾವನಿಗೊಂದು ನ್ಯಾಯ' ಎಂದು ಒಬ್ಬೊಬ್ಬರಾಗಿ ಕಾಲು ಕೀಳುತ್ತಿದ್ದರು. ಹತ್ತು ವರ್ಷ ಸಾಕಿದ ವೇದಿಕೆ ಕಣ್ಣೆದುರೇ ಖಾಲಿಯಾಗುತ್ತಿತ್ತು.

ಅದಕ್ಕೇ ಹೊಸ ನಿಯಮ ತಂದರು. ದೂರು ಬಂದರೆ ಬರೆದವರ ಹೆಸರು, ತಾರೀಖು ಎರಡನ್ನೂ ಸೊಸೆ ಮುಚ್ಚಿ ಕೊಡಬೇಕು. ಶಿಕ್ಷೆ ಮಾತಿಗೆ, ಮುಖಕ್ಕಲ್ಲ. ಕೊಟ್ಟ ತೀರ್ಪು ವಾಪಸ್ಸಿಲ್ಲ. ತೀರ್ಪಿಗೆ ಮೊದಲೇ ಹೆಸರು ಬಾಯಿಬಿಟ್ಟವರಿಗೂ ಅದೇ ಶಿಕ್ಷೆ. ಸದಸ್ಯರೆಲ್ಲ ಭೇಷ್ ಎಂದರು.

ಮೊದಲ ದೂರು ತೆರೆದುಕೊಂಡಿತು. ಒಬ್ಬರೇ ಬರೆದ ಮೂರು ಸಾಲು. 'ನೀನು ಹೊಲಿದ ತೋಳಿಗೆ ದಿಂಬು ತುಂಬಬಹುದು.' 'ಕತ್ತರಿ ಕೆಳಗಿಡು, ಬಟ್ಟೆ ಏನು ಪಾಪ ಮಾಡಿದೆ?' 'ನಿನಗೆ ಹೊಲಿಗೆ ಕಲಿಸಿದವರ ವಿಳಾಸ ಕೊಡು, ಎರಡು ಮಾತಾಡಬೇಕು.'

ಮಾಸ್ಟರ ಕಿವಿ ಕೆಂಪಾಯಿತು. ಈ ಕೊಬ್ಬು ಯಾರದೆಂದು ತಿಳಿಯಲು ಹೆಸರು ಬೇರೆ ಬೇಕೆ!

"ಮಾವ, ಇವೆಲ್ಲ ಹಳೇ ಮಾತುಗಳು. ಒಂದು ಎಚ್ಚರಿಕೆ ಕೊಟ್ಟು ಬಿಡಿ," ಎಂದಳು ಸೊಸೆ.

"ವಕಾಲತ್ತು ಬೇಡಮ್ಮ. ನ್ಯಾಯಕ್ಕೆ ನೆಂಟಸ್ತಿಕೆ ಇಲ್ಲ."

ಹೆಸರು ಹೇಳುವಂತಿಲ್ಲ; ಸೊಸೆ ಗೋಡೆಯ ಕಡೆ ತಿರುಗಿದಳು.

ಅಷ್ಟರಲ್ಲಿ ಭಾವನ ಫೋನು. ದೂರು ಕೊಟ್ಟವನು ಅವರಿಗೂ ಸುದ್ದಿ ಮುಟ್ಟಿಸಿದ್ದ. ಎಂದೂ ಇಲ್ಲದ ಮೆತ್ತನೆಯ ದನಿ. "ನೋಡಪ್ಪ, ವಯಸ್ಸಾದ ಜೀವ. ಬಾಯಿ ಸ್ವಲ್ಪ ಖಾರ, ಮನಸ್ಸು ಒಳ್ಳೇದು. ಅಂಥವರಿಲ್ಲದೆ ಈ ವೇದಿಕೆ ನಡೆಯಲ್ಲ. ಬಿಟ್ಟುಬಿಡು."

ತಮ್ಮ ಬೆನ್ನು ತಾವೇ ಇಷ್ಟು ಚೆನ್ನಾಗಿ ತಟ್ಟಿಕೊಳ್ಳುವವರನ್ನು ಮಾಸ್ಟರು ಜೀವಮಾನದಲ್ಲಿ ಕಂಡಿರಲಿಲ್ಲ. "ಅಕ್ಕನಿಗೆ ಸಮಾಧಾನ ಹೇಳಿ, ಭಾವ," ಎಂದಷ್ಟೇ ಹೇಳಿ ಫೋನಿಟ್ಟರು. ಅಕ್ಕನ ಮುಖ ನೆನೆದು ಕಣ್ಣು ಒದ್ದೆಯಾಯಿತು. ಆದರೂ ಬೆರಳು ಹಿಂಜರಿಯಲಿಲ್ಲ. ಶಾಶ್ವತ ಬಹಿಷ್ಕಾರದ ಗುಂಡಿ ಒತ್ತಿಯೇಬಿಟ್ಟರು.

ಪರದೆ ಬೆಳ್ಳಗಾಗಿ, ಮಾಸ್ಟರ ಹೆಸರನ್ನೇ ಹಿಡಿದು ಕರೆದು ಹೇಳಿತು: 'ನೀವು ಬರೆದ ಮೂರು ಸಾಲುಗಳಿಗಾಗಿ ನಿಮ್ಮ ಸದಸ್ಯತ್ವ ರದ್ದಾಗಿದೆ. ಆಕ್ಷೇಪವಿದ್ದರೆ ನಿರ್ವಾಹಕರನ್ನು ಸಂಪರ್ಕಿಸಿ.'