ವೇಣೂರಿನಿಂದ ಬಂದ ಬೀಟೆ ಕುರ್ಚಿ

೧೯೬೪ರ ಮಳೆಗಾಲ ಮುಗಿದ ಮೇಲೆ ಬಂಟ್ವಾಳದ ನಮ್ಮ ಮನೆಗೆ ಎರಡು ಕುರ್ಚಿಗಳು ಬಂದವು. ಒಂದು ಹೊಸದು, ಮಡಚುವ ಕಬ್ಬಿಣದ್ದು. ಇನ್ನೊಂದು ವೇಣೂರಿನ ಮನೆಯೊಂದರಿಂದ ಅಪ್ಪ ಕೊಂಡ ಹಳೆಯ ಬೀಟೆ ಮರದ್ದು. ಮಂಡಿನೋವಿನಿಂದ ಅಜ್ಜಿಗೆ ಊಟದ ಮಣೆಯ ಮೇಲೆ ಕೂರಲು ಆಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಿಂತೇ ನಾಲ್ಕು ತುತ್ತು ತಿಂದು ಕೈತೊಳೆಯುತ್ತಿದ್ದರು. ತುಂಬ ಸೊರಗಿದ್ದರು.

ಕಬ್ಬಿಣದ ಕುರ್ಚಿ ಅಲುಗಾಡಿತು. ಕೈಯೂರಿ ಏಳಲು ಅದಕ್ಕೆ ತೋಳುಗಳೂ ಇರಲಿಲ್ಲ. ಬೀಟೆಯದಕ್ಕೆ ಇದ್ದವು, ಅಂಗೈ ತಾಗಿ ತಾಗಿ ನುಣುಪಾದವು. ಈಗಲೂ ಅವಕ್ಕೆ ಎಣ್ಣೆ ಒರೆಸುವಾಗ ಬರುವ ವಾಸನೆಗೆ ಆಗಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜಿ ಆ ಬೀಟೆ ಕುರ್ಚಿಯನ್ನು ಮುಟ್ಟಲಿಲ್ಲ. ಸತ್ತವರ ಕುರ್ಚಿ ತಂದರೆ ಅವರ ಪ್ರೇತವೂ, ಅಂದರೆ ಕುಲೆಯೂ, ಜೊತೆಗೆ ಬರುತ್ತದೆ ಎಂದು ಅವರ ಭಯ.

“ಇದರಲ್ಲಿ ಕೂತವರು ಎದ್ದಿದ್ದಾರೋ ಇಲ್ಲವೋ, ನಿನಗೆ ಗೊತ್ತುಂಟಾ?” ಎಂದು ಅಪ್ಪನನ್ನು ಕೇಳಿದರು.

ಭಾನುವಾರ ಅಪ್ಪ ಬೆಳಗಿನ ಬಸ್ಸಿಗೆ ವೇಣೂರಿಗೆ ಹೋಗಿ, ಮಧ್ಯಾಹ್ನ ಕುರ್ಚಿಯ ಹಳೆಯ ಯಜಮಾನರನ್ನೇ ಕರೆದುಕೊಂಡು ಬಂದರು. ಆ ಮುದುಕರು ಕುರ್ಚಿಯಲ್ಲಿ ಕೂತು ಬೆಲ್ಲದ ಕಾಫಿ ಕುಡಿದರು.

“ಮಗ ಸೋಫಾ ತಂದಿದ್ದಾನೆ ಮಾರಾಯ್ರೆ. ಅದರಿಂದ ನನ್ನನ್ನು ಎಬ್ಬಿಸ್ಲಿಕ್ಕೆ ಇಬ್ಬರು ಬೇಕು,” ಎಂದರು. ಆಮೇಲೆ ತೋಳುಗಳ ಮೇಲೆ ಕೈಯೂರಿ ಎದ್ದು ನಿಂತರು. “ನೋಡಿ ಅಮ್ಮ, ಎದ್ದೆ. ಇನ್ನು ನೀವು ಕೂತುಕೊಳ್ಳಿ.”

ಅಜ್ಜಿ ಅವರ ಲೋಟದೊಳಗೆ ಇಣುಕಿದರು.

“ಕಾಫಿ ಖಾಲಿಯಾಗಿದೆ. ಕುಲೆ ಅಲ್ಲ,” ಎಂದು ಕೂತರು.

ಅಂದು ಎಲ್ಲರ ಜೊತೆ ಉಂಡ ಅಜ್ಜಿ ಎರಡನೆಯ ಸಲ ಅನ್ನ ಬಡಿಸಿಕೊಂಡರು.